ಎಣಿಸಬೇಡಿ, ಗೆದ್ದಾಗಿದೆ

2000ನೇ ಇಸವಿಯ ನವೆಂಬರ್ 7ರಂದು ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಸುಮಾರು 60 ಲಕ್ಷ ಜನ ಅಧ್ಯಕ್ಷರನ್ನು ಆರಿಸಲು ಓಟು ಹಾಕಿದರು. ತಾವು ಆರಿಸಿದ್ದು ಯಾರನ್ನು ಎಂಬುದು ಅವರಿಗೆ ಗೊತ್ತಾದದ್ದು ಡಿಸೆಂಬರ್ 12ರ ರಾತ್ರಿ ಹತ್ತರ ಹೊತ್ತಿಗೆ, ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನಿಂದ. ಅಲ್ಲಿ ಒಂಬತ್ತು ಮಂದಿ ಓಟು ಹಾಕಿದ್ದರು. ಐದು ಒಂದು ಕಡೆ, ನಾಲ್ಕು ಇನ್ನೊಂದು ಕಡೆ. ಆ ಎಣಿಕೆಯಲ್ಲಿ ಅಸಿಂಧು ಮತ ಒಂದೂ ಇರಲಿಲ್ಲ, ಮರು ಎಣಿಕೆಯನ್ನೂ ಯಾರೂ ಕೇಳಲಿಲ್ಲ. ಚುನಾವಣೆ ಎಂದರೆ ಹೀಗೆ ಚೊಕ್ಕವಾಗಿರಬೇಕು.

ಹಿನ್ನೆಲೆ ಇಷ್ಟು. ದೇಶದಾದ್ಯಂತ ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್‌ಗೆ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್‌ಗಿಂತ ಸುಮಾರು 5.4 ಲಕ್ಷ ಮತ ಹೆಚ್ಚು ಬಿದ್ದಿದ್ದವು. ಆದರೆ ಅಲ್ಲಿ ಜನ ಹಾಕಿದ ಒಟ್ಟು ಓಟಿನಿಂದ ಯಾರೂ ಅಧ್ಯಕ್ಷರಾಗುವುದಿಲ್ಲ. ಅಮೆರಿಕದವರು ಜಗತ್ತಿಗೆಲ್ಲ ಹೇಳಿಕೊಡುವ ಪ್ರಜಾಪ್ರಭುತ್ವದ ಪಾಠದಲ್ಲಿ ಈ ಅಧ್ಯಾಯವನ್ನು ಬೇಗ ದಾಟಿಬಿಡುತ್ತಾರೆ. ರಾಜ್ಯಕ್ಕಿಷ್ಟು ಎಂದು ಎಲೆಕ್ಟರ್‌ಗಳಿರುತ್ತಾರೆ. 270 ಮಂದಿ ಸಿಕ್ಕವರು ಗೆದ್ದಂತೆ. ಫ್ಲೋರಿಡಾ ಬಿಟ್ಟು ಕೂಡಿದರೆ ಗೋರ್ ಕಡೆ 267, ಬುಷ್ ಕಡೆ 246. ಫ್ಲೋರಿಡಾದ 25 ಯಾರಿಗೋ ಶ್ವೇತಭವನ ಅವರಿಗೆ.

ಆ ಫ್ಲೋರಿಡಾದ ಗವರ್ನರ್ ಯಾರು? ಜೆಬ್ ಬುಷ್, ಅಭ್ಯರ್ಥಿಯ ಒಡಹುಟ್ಟಿದ ತಮ್ಮ. ಫಲಿತಾಂಶಕ್ಕೆ ಸಹಿ ಹಾಕಬೇಕಾದ ಸೆಕ್ರೆಟರಿ ಆಫ್ ಸ್ಟೇಟ್ ಯಾರು? ಕ್ಯಾಥರೀನ್ ಹ್ಯಾರಿಸ್, ಅದೇ ರಾಜ್ಯದಲ್ಲಿ ಬುಷ್ ಪ್ರಚಾರ ಸಮಿತಿಯ ಸಹ ಅಧ್ಯಕ್ಷೆ. ಇದು ಹಿತಾಸಕ್ತಿಯ ಸಂಘರ್ಷ ಎಂದು ಕೊಂಕು ತೆಗೆದವರಿದ್ದರು. ಸಂಘರ್ಷ ಎಲ್ಲಿತ್ತು? ಎಲ್ಲರೂ ಒಂದೇ ಕಡೆ ಇದ್ದರು.

ಮತದಾನದ ರಾತ್ರಿ ಟಿವಿಯವರಿಗೆ ಮತದಾರರಿಗಿಂತ ಹೆಚ್ಚು ಅವಸರ. ರಾಜ್ಯದ ಪಶ್ಚಿಮ ತುದಿಯಲ್ಲಿ ಮತಗಟ್ಟೆಗಳ ಬಾಗಿಲು ಇನ್ನೂ ಮುಚ್ಚಿರಲಿಲ್ಲ, ಅಷ್ಟರಲ್ಲೇ ಗೋರ್ ಗೆದ್ದರು ಎಂದು ಚಾನೆಲ್‌ಗಳು ಸಾರಿದವು. ಹತ್ತು ಗಂಟೆಗೆ ಇಲ್ಲ ಇಲ್ಲ ಎಂದವು. ರಾತ್ರಿ 2.16ಕ್ಕೆ ಫಾಕ್ಸ್ ನ್ಯೂಸ್ ಬುಷ್ ಗೆದ್ದರು ಎಂದಿತು. ಮಿಕ್ಕವು ಯಾವ ಮೈಲಿಗೆಯೂ ಇಲ್ಲದೆ ಕೆಲವೇ ನಿಮಿಷಗಳಲ್ಲಿ ಅದೇ ಪಂಕ್ತಿಗೆ ಕೂತವು. ಫಾಕ್ಸ್‌ನಲ್ಲಿ ಗೆದ್ದವರಾರು ಎಂದು ತೀರ್ಮಾನಿಸುವ ಮೇಜಿನ ಮುಖ್ಯಸ್ಥ ಜಾನ್ ಎಲ್ಲಿಸ್. ಈತ ಬುಷ್‌ಗೆ ಸೋದರತ್ತೆಯ ಮಗ. ಮನೆಯವರೇ ಮುಂದೆ ನಿಂತು ನಡೆಸಿದ ಕಾರ್ಯ ಎಂದರೆ ಇದು.

ಗೋರ್ ಫೋನ್ ಮಾಡಿ ಬುಷ್‌ರನ್ನು ಅಭಿನಂದಿಸಿ, ಸೋಲೊಪ್ಪುವ ಭಾಷಣ ಮಾಡಲು ಕಾರು ಹತ್ತಿದರು. ದಾರಿಯಲ್ಲಿ, ಅಂತರ ಕರಗುತ್ತಿದೆ ಎಂಬ ಸುದ್ದಿ ಬಂತು. ಮತ್ತೆ ಫೋನ್; ಈ ಸಲ ಅಭಿನಂದನೆ ವಾಪಸ್. ಗೆದ್ದಿದ್ದೇನೆಂದು ನನ್ನ ತಮ್ಮನೇ ಹೇಳಿದ್ದಾನಲ್ಲ ಎಂದರಂತೆ ಬುಷ್. ನಿಮ್ಮ ತಮ್ಮ ಹೇಳಿದ್ದೇ ಅಂತಿಮವಲ್ಲ ಎಂದರಂತೆ ಗೋರ್. ಎಂಟು ವರ್ಷ ಉಪಾಧ್ಯಕ್ಷರಾಗಿದ್ದವರಿಗೂ ಕೆಲವು ವಿಷಯ ತಡವಾಗಿಯೇ ಗೊತ್ತಾಗುತ್ತದೆ.

ಬೆಳಗಾದಾಗ ಬುಷ್ ಮುನ್ನಡೆ 1,784. ಯಂತ್ರಗಳಲ್ಲಿ ಮರು ಎಣಿಸಿದ ಮೇಲೆ 327. ಇನ್ನೆರಡು ಸಲ ಎಣಿಸಿದರೆ ಇಬ್ಬರೂ ಸೋಲುವಂತಿತ್ತು.

ಪಾಮ್ ಬೀಚ್ ಕೌಂಟಿಯ ಕತೆಯನ್ನು ನಿಧಾನವಾಗಿಯೇ ಹೇಳಬೇಕು. ನಿವೃತ್ತರು ಬಂದು ನೆಲೆಸುವ ಕಡಲತೀರ ಅದು. ಅವರಲ್ಲಿ ಯಹೂದಿಗಳು ಬಹಳ. ಚುನಾವಣಾ ಮೇಲ್ವಿಚಾರಕಿ ತೆರೇಸಾ ಲಪೋರ್ ಡೆಮಾಕ್ರಟಿಕ್ ಪಕ್ಷದವರೇ, ಒಳ್ಳೆಯ ಮನಸ್ಸಿನವರು. ಹತ್ತು ಅಭ್ಯರ್ಥಿಗಳ ಹೆಸರನ್ನು ಒಂದೇ ಪುಟಕ್ಕೆ ತುರುಕಿದರೆ ಅಕ್ಷರ ಸಣ್ಣದಾಗಿ ವಯಸ್ಸಾದವರಿಗೆ ಕಾಣುವುದಿಲ್ಲ ಎಂದು ಎರಡು ಪುಟಕ್ಕೆ ಹರಡಿ, ಓಟು ಹಾಕಲು ತೂತು ಹೊಡೆಯುವ ಜಾಗವನ್ನು ನಡುವೆ ಒಂದೇ ಸಾಲಿನಲ್ಲಿ ಇಟ್ಟರು. ಎಡಪುಟದಲ್ಲಿ ಮೊದಲ ಹೆಸರು ಬುಷ್, ಅವರದು ಮೊದಲ ತೂತು. ಎರಡನೇ ಹೆಸರು ಗೋರ್, ಅವರದು ಮೂರನೇ ತೂತು. ಎರಡನೇ ತೂತು ಬಲಪುಟದ ಪ್ಯಾಟ್ ಬುಕಾನನ್ನರದು. ಹೆಸರುಗಳೆಲ್ಲ ದಪ್ಪ ಅಕ್ಷರದಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಓಟು ಎಲ್ಲಿಗೆ ಬೀಳುತ್ತದೆ ಎಂಬುದೊಂದು ಕಾಣುತ್ತಿರಲಿಲ್ಲ.

ಇಸ್ರೇಲಿನ ಬಗ್ಗೆ ಆಡಿದ ಮಾತುಗಳಿಂದ ಯಹೂದಿಗಳ ಸಿಟ್ಟಿಗೆ ಗುರಿಯಾಗಿದ್ದ ಬುಕಾನನ್‌ಗೆ ಅಲ್ಲಿ 3,407 ಮತ ಬಂದವು. ರಾಜ್ಯದ ಬೇರೆ ಯಾವ ಕೌಂಟಿಯಲ್ಲೂ ಅಷ್ಟಿಲ್ಲ. ಬುಷ್ ಪಾಳಯ ಗಂಭೀರ ಮುಖ ಮಾಡಿ, ಅದು ಬುಕಾನನ್ನರ ಭದ್ರಕೋಟೆ ಎಂದಿತು. ಬುಕಾನನ್ ಮಾತ್ರ ಟಿವಿಯಲ್ಲಿ ಕೂತು, ಇದರಲ್ಲಿ ಬಹುಪಾಲು ನನ್ನವಲ್ಲ, ಗೋರ್‌ಗೆ ಹಾಕಲು ಹೋದವು ಎಂದುಬಿಟ್ಟರು. ತನಗೆ ಬಿದ್ದ ಓಟು ತನ್ನದಲ್ಲ ಎಂದ ಇನ್ನೊಬ್ಬ ರಾಜಕಾರಣಿ ಯಾವ ದೇಶದಲ್ಲಾದರೂ ಇದ್ದರೆ ಕರೆತನ್ನಿ, ಇಬ್ಬರನ್ನೂ ಒಟ್ಟಿಗೆ ಸನ್ಮಾನಿಸೋಣ. ತಪ್ಪಾಯಿತೆಂದು ಗಾಬರಿಬಿದ್ದು ಎರಡೆರಡು ತೂತು ಹೊಡೆದವರ ಮತಪತ್ರ ಆ ಕೌಂಟಿಯಲ್ಲಿ 19,000 ದಾಟಿದವು. ಅವನ್ನು ಕಸಕ್ಕೆ ಸೇರಿಸಲಾಯಿತು.

ವೊಲೂಷಿಯಾ ಕೌಂಟಿಯದು ಇನ್ನೂ ಮೇಲು. ಅಲ್ಲಿ 412 ಜನ ಓಟು ಹಾಕಿದ ಒಂದು ಮತಗಟ್ಟೆಯಿಂದ ಗೋರ್‌ಗೆ ಬಂದ ಮತ ಮೈನಸ್ 16,022. ಕಂಪ್ಯೂಟರಿನ ಮೆಮರಿ ಕಾರ್ಡಿನ ದೋಷ ಎಂದು ಅದನ್ನು ರಾತ್ರಿಯೇ ಸರಿಪಡಿಸಿದರು. ಓಟು ಬೀಳದೆ ಸೋತವರನ್ನು ಕಂಡಿದ್ದೇವೆ. ಬಿದ್ದ ಓಟಿನಲ್ಲೇ ಸಾಲಗಾರನಾದವರನ್ನು ಕಂಡಿರಲಿಲ್ಲ.

ಕಪ್ಪು ಜನರಿಗೆ ಇಷ್ಟು ತಮಾಷೆಯೂ ಸಿಗಲಿಲ್ಲ. ಜೈಲಿಗೆ ಹೋಗಿಬಂದವರಿಗೆ ಆಗ ಫ್ಲೋರಿಡಾದಲ್ಲಿ ಓಟಿರಲಿಲ್ಲ. ಅಂಥವರನ್ನು ಪಟ್ಟಿಯಿಂದ ತೆಗೆಯುವ ಕೆಲಸವನ್ನು ರಾಜ್ಯ ಒಂದು ಖಾಸಗಿ ಕಂಪನಿಗೆ ವಹಿಸಿತ್ತು. ಹೆಸರು ಶೇ 80ರಷ್ಟು ಹೋಲಿದರೂ ಸಾಕು ಎಂಬುದು ಮಾನದಂಡ. ಹೀಗೆ ಕದ್ದವನ ಹೆಸರನ್ನು ಹೋಲುವವರೆಲ್ಲ ಕಳ್ಳರಾದರು. ಕಪ್ಪು ಜನರೇ ಹೆಚ್ಚಿರುವ ಗ್ಯಾಡ್ಸ್‌ಡನ್ ಕೌಂಟಿಯಲ್ಲಿ ಹೆಚ್ಚುಕಡಿಮೆ ಎಂಟಕ್ಕೊಂದು ಮತಪತ್ರ ತಿರಸ್ಕೃತ. ಕಪ್ಪು ಮತದಾರರ ಓಟು ತಿರಸ್ಕೃತವಾಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಹತ್ತು ಪಟ್ಟು ಎಂದು ಅಮೆರಿಕದ ನಾಗರಿಕ ಹಕ್ಕುಗಳ ಆಯೋಗ ಮರುವರ್ಷ ವರದಿ ಕೊಟ್ಟಿತು. ವರದಿ ಮಾತ್ರ ಎಲ್ಲೂ ತಿರಸ್ಕೃತವಾಗಲಿಲ್ಲ. ಕಪಾಟಿನಲ್ಲಿ ಗೌರವದಿಂದ ಇದೆ.

ಇನ್ನು ಗೋರ್ ಕೇಳಿದ ಕೈ ಎಣಿಕೆ. ತೂತು ಹೊಡೆದಾಗ ಉದುರಬೇಕಾದ ಕಾಗದದ ಚೂರಿಗೆ ಚಾಡ್ ಎಂದು ಹೆಸರು. ಒಂದು ಮೂಲೆ ಹಿಡಿದುಕೊಂಡು ನೇತಾಡುವ ಚಾಡ್, ಎರಡು ಮೂಲೆಯ ಚಾಡ್, ಮೂರು ಮೂಲೆಯ ಚಾಡ್, ಉದುರದೆ ಬರೀ ಉಬ್ಬಿಕೊಂಡಿರುವ ಬಸುರಿ ಚಾಡ್. ಜಗತ್ತಿನ ಅಣ್ವಸ್ತ್ರಗಳ ಕೀಲಿಕೈ ಯಾರಿಗೆ ಎಂಬುದನ್ನು ಗಡ್ಡ ನೆರೆತ ನ್ಯಾಯಾಧೀಶರು ಭೂತಗನ್ನಡಿ ಹಿಡಿದು, ರಟ್ಟನ್ನು ದೀಪಕ್ಕೆ ಎತ್ತಿ, ಕಣ್ಣು ಮೆಳ್ಳೆ ಮಾಡಿ ಹುಡುಕಿದರು. ಯಾವ ಚಾಡ್ ಓಟು, ಯಾವುದು ಅಲ್ಲ ಎಂಬ ನಿಯಮ ಪಾಮ್ ಬೀಚಿನಲ್ಲಿ ಒಂದೇ ದಿನದೊಳಗೆ ಬದಲಾಯಿತು.

ತತ್ವಗಳಿಗೇನೂ ಬರ ಇರಲಿಲ್ಲ. ಕೈ ಎಣಿಕೆಯನ್ನು ನಂಬಲಾಗದು ಎಂದು ಬುಷ್ ವಕೀಲರು ವಾದಿಸಿದರು. ಅದೇ ಬುಷ್ ಟೆಕ್ಸಾಸ್ ಗವರ್ನರ್ ಆಗಿ 1997ರಲ್ಲಿ ಕೈ ಎಣಿಕೆಗೆ, ಉಬ್ಬಿದ ಚಾಡ್‌ಗೂ ಅವಕಾಶ ಕೊಡುವ ಕಾನೂನಿಗೆ ಸಹಿ ಹಾಕಿದ್ದರು. ಪ್ರತಿ ಓಟನ್ನೂ ಎಣಿಸಿ ಎಂದು ಎದೆ ತಟ್ಟಿದ ಗೋರ್, ಕೈ ಎಣಿಕೆ ಕೇಳಿದ್ದು 67 ಕೌಂಟಿಗಳ ಪೈಕಿ ನಾಲ್ಕರಲ್ಲಿ. ನಾಲ್ಕೂ ಅವರ ಪಕ್ಷಕ್ಕೆ ಒಲಿದವು. ಕಾನೂನನ್ನು ಅಕ್ಷರಶಃ ಪಾಲಿಸಬೇಕೆಂದ ರಿಪಬ್ಲಿಕನ್ನರು, ವಿದೇಶದಲ್ಲಿದ್ದ ಸೈನಿಕರ ಅಂಚೆ ಮತಗಳಲ್ಲಿ ಮುದ್ರೆ ಇಲ್ಲದಿದ್ದರೂ ಪರವಾಗಿಲ್ಲ, ಅವರ ಮನಸ್ಸು ನೋಡಿ ಎಂದರು.

ನವೆಂಬರ್ 22ರಂದು ಮಯಾಮಿಯಲ್ಲಿ ಕೈ ಎಣಿಕೆ ನಡೆಯುತ್ತಿದ್ದ ಕಟ್ಟಡಕ್ಕೆ ಜನ ನುಗ್ಗಿ ಬಾಗಿಲು ಗುದ್ದಿದರು. ಸ್ಥಳೀಯರ ಆಕ್ರೋಶ ಎನ್ನಲಾಯಿತು. ಆಕ್ರೋಶಗೊಂಡವರಲ್ಲಿ ಹಲವರು ವಾಷಿಂಗ್ಟನ್ನಿನಿಂದ ವಿಮಾನದಲ್ಲಿ ಬಂದಿದ್ದ ಪಕ್ಷದ ಸಿಬ್ಬಂದಿ, ಇಸ್ತ್ರಿ ಮಾಡಿದ ದುಬಾರಿ ಅಂಗಿಯವರು. ಅಂದೇ ಅಲ್ಲಿ ಎಣಿಕೆ ನಿಂತಿತು.

ನನಗೆ ಇಡೀ ಪ್ರಕರಣದಲ್ಲಿ ತುಂಬ ಇಷ್ಟವಾದ ದಿನ ನವೆಂಬರ್ 26, ಭಾನುವಾರ. ಫ್ಲೋರಿಡಾ ಸುಪ್ರೀಂ ಕೋರ್ಟ್ ಹೇಳಿದ್ದು: ಹ್ಯಾರಿಸ್ ಕಚೇರಿ ತೆರೆದಿದ್ದರೆ ಎಣಿಕೆಯ ಲೆಕ್ಕ ಒಪ್ಪಿಸಲು ಭಾನುವಾರ ಸಂಜೆ ಐದಕ್ಕೆ ಗಡುವು, ಮುಚ್ಚಿದ್ದರೆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಸರ್ಕಾರಿ ಕಚೇರಿ ಭಾನುವಾರ ತೆರೆದಿತ್ತು! ಬಾಗಿಲು ತೆರೆದದ್ದು ಬೇಗ ಮುಚ್ಚುವುದಕ್ಕಾಗಿ. ಹಬ್ಬದ ಟರ್ಕಿ ಕೋಳಿಗೆಂದು ಗುರುವಾರ ರಜೆ ಹಾಕಿದ್ದ ಪಾಮ್ ಬೀಚಿನವರು ಕೆಲಸ ಮುಗಿಸುವಾಗ ಗಡುವು ದಾಟಿ ಸುಮಾರು ಎರಡು ಗಂಟೆ ಆಗಿತ್ತು. ಅವರ ಎಣಿಕೆಯನ್ನು ಹ್ಯಾರಿಸ್ ಮುಟ್ಟಲಿಲ್ಲ. ಬುಷ್ 537 ಮತಗಳಿಂದ ಗೆದ್ದರೆಂದು ಸಹಿ ಬಿತ್ತು.

ಗೋರ್ ಕೋರ್ಟಿಗೆ ಹೋದರು. ನ್ಯಾಯಾಧೀಶ ಸಾಲ್ಸ್, ಮತಪತ್ರಗಳನ್ನು ರಾಜಧಾನಿ ಟಲಹಾಸಿಗೆ ತರಿಸಿದರು. ಪಾಮ್ ಬೀಚಿನ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮತಪತ್ರ ಬಾಡಿಗೆಯ ಹಳದಿ ಲಾರಿ ಹತ್ತಿ ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ಮೆರವಣಿಗೆ ಹೊರಟವು. ಹಿಂದೆ ಮುಂದೆ ಪೊಲೀಸರು, ತಲೆ ಮೇಲೆ ಟಿವಿ ಹೆಲಿಕಾಪ್ಟರ್‌ಗಳು. ಡಿಸೆಂಬರ್ 4ರಂದು ಸಾಲ್ಸ್ ಒಂದು ಪೆಟ್ಟಿಗೆಯನ್ನೂ ತೆರೆಯದೆ ತೀರ್ಪು ಕೊಟ್ಟರು. ಉತ್ಸವಮೂರ್ತಿಯನ್ನು ಊರೆಲ್ಲ ಸುತ್ತಿಸಿ ಮುಸುಕು ತೆಗೆಯದೆ ಗುಡಿಗೆ ಸೇರಿಸಿದ ಹಾಗಾಯಿತು.

ರಾಜ್ಯದ ಸುಪ್ರೀಂ ಕೋರ್ಟ್ ಡಿಸೆಂಬರ್ 8ರಂದು, ಯಂತ್ರ ಓದದೆ ಬಿಟ್ಟ ಮತಗಳನ್ನು ರಾಜ್ಯದಾದ್ಯಂತ ಕೈಯಲ್ಲಿ ಎಣಿಸಿ ಎಂದಿತು. ಮರುದಿನವೇ ವಾಷಿಂಗ್ಟನ್ನಿನ ಕೋರ್ಟ್ ತಡೆ ಕೊಟ್ಟಿತು. ಎಣಿಸಿದರೆ ಬುಷ್ ಗೆಲುವಿನ ಮೇಲೆ ಅನುಮಾನದ ಮೋಡ ಕವಿಯುತ್ತದೆ, ಅದು ಅವರಿಗೆ ತುಂಬಲಾರದ ನಷ್ಟ ಎಂಬುದು ನ್ಯಾಯಮೂರ್ತಿ ಸ್ಕಲಿಯಾ ಕೊಟ್ಟ ಕಾರಣ. ಗೆದ್ದಿದ್ದಾರೋ ಇಲ್ಲವೋ ನೋಡಹೋದರೆ ಗೆದ್ದವರಿಗೆ ತೊಂದರೆ! ಅಂತಿಮ ತೀರ್ಪು ಬಂದದ್ದು ಡಿಸೆಂಬರ್ 12ರ ರಾತ್ರಿ: ಕೌಂಟಿಗೊಂದು ಅಳತೆಯಲ್ಲಿ ಎಣಿಸುವುದು ಸಮಾನತೆಗೆ ವಿರುದ್ಧ, ಒಂದೇ ಅಳತೆಯಲ್ಲಿ ಎಣಿಸಲು ಗಡುವು ಇಂದಿಗೇ ಮುಗಿಯುತ್ತದೆ. ಮುಗಿಯಲು ಎರಡು ಗಂಟೆ ಉಳಿದಿತ್ತು. ಈ ಸಮಾನತೆಯ ತತ್ವ ಸದ್ಯದ ಪ್ರಕರಣಕ್ಕೆ ಮಾತ್ರ ಎಂದೂ ತೀರ್ಪಿನಲ್ಲೇ ಬರೆದರು. ಬೇರೆಯವರು ಎತ್ತಿಕೊಂಡು ಹೋಗಿ ಬಳಸಿಬಿಟ್ಟರೆ ಎಂಬ ಭಯ ಇರಬೇಕು.

ಮರುರಾತ್ರಿ ಗೋರ್ ಸೋಲೊಪ್ಪಿದರು. ಜನವರಿಯಲ್ಲಿ ಎಲೆಕ್ಟರ್ ಮತಗಳ ಎಣಿಕೆಗೆ ಅಧ್ಯಕ್ಷತೆ ವಹಿಸುವುದು ಉಪಾಧ್ಯಕ್ಷರ ಕೆಲಸ. ಹಾಗಾಗಿ ತಮ್ಮ ಸೋಲನ್ನು ತಾವೇ ಘೋಷಿಸಿದರು. ಹ್ಯಾರಿಸ್ 2002ರಲ್ಲಿ ಸಂಸತ್ತಿಗೆ ಆರಿಸಿಹೋದರು. ಬುಷ್ ಪರವಾಗಿ ಅಂದು ದುಡಿದ ವಕೀಲರಲ್ಲಿ ಜಾನ್ ರಾಬರ್ಟ್ಸ್, ಬ್ರೆಟ್ ಕವನಾ, ಏಮಿ ಬ್ಯಾರೆಟ್ ಇದ್ದರು. ಮೂವರೂ ನಂತರ ಅದೇ ಸುಪ್ರೀಂ ಕೋರ್ಟಿನ ಪೀಠ ಏರಿದರು, ರಾಬರ್ಟ್ಸ್ ಮುಖ್ಯ ನ್ಯಾಯಮೂರ್ತಿಯಾಗಿ. ತೂತು ಹೊಡೆಯುವ ಯಂತ್ರಗಳು ಇಂಟರ್ನೆಟ್ಟಿನಲ್ಲಿ ನೆನಪಿನ ಕಾಣಿಕೆಯಾಗಿ ಮಾರಾಟವಾದವು.

ದೊಡ್ಡ ಪತ್ರಿಕೆಗಳೆಲ್ಲ ಕೂಡಿ ಷಿಕಾಗೋದ ಒಂದು ಸಂಶೋಧನಾ ಸಂಸ್ಥೆಯಿಂದ ಆ ತಿರಸ್ಕೃತ 1.75 ಲಕ್ಷ ಮತಪತ್ರಗಳನ್ನು ಒಂದೊಂದಾಗಿ ನೋಡಿಸಿ, 2001ರ ನವೆಂಬರಿನಲ್ಲಿ ಫಲಿತಾಂಶ ಅಚ್ಚುಹಾಕಿದವು. ಗೋರ್ ಕೇಳಿದ್ದ ನಾಲ್ಕು ಕೌಂಟಿಗಳ ಎಣಿಕೆ ಪೂರ್ತಿ ನಡೆದಿದ್ದರೂ ಬುಷ್ ಗೆಲ್ಲುತ್ತಿದ್ದರು. ಗೋರ್ ಕೇಳದೇ ಹೋದ, ಇಡೀ ರಾಜ್ಯದ ತಿರಸ್ಕೃತ ಮತಗಳ ಎಣಿಕೆ ನಡೆದಿದ್ದರೆ ಗೋರ್ ಗೆಲ್ಲುತ್ತಿದ್ದರು. ಅಂತರ, ಯಾವ ಚಾಡನ್ನು ಒಪ್ಪುತ್ತೀರಿ ಎಂಬುದರ ಮೇಲೆ, 60ರಿಂದ 171 ಮತ. ಅಂತರ ಶೇ ಅರ್ಧಕ್ಕಿಂತ ಕಡಿಮೆ ಇದ್ದರೆ ಮತ್ತೆ ಎಣಿಸಲೇಬೇಕು ಎನ್ನುತ್ತದೆ ಫ್ಲೋರಿಡಾದ ಕಾನೂನು.