ಬಸವಣ್ಣನ ಕಿವಿ ಎತ್ತರದಲ್ಲಿದೆ

ಬಾದನಹಟ್ಟಿಯ ಕಾಲೇಜು ಹುಡುಗರಿಗೆ ವರ್ಷಕ್ಕೆ ಮೂರು ಹೊಸ ವರ್ಷ. ಜನವರಿ ಒಂದು ವಾಟ್ಸಾಪ್ ಸ್ಟೇಟಸ್ಸಿಗೆ, ಯುಗಾದಿ ಹೋಳಿಗೆಗೆ. ಮೂರನೆಯದು ಕಾಲೇಜು ಬಾಗಿಲು ತೆರೆಯುವ ದಿನ; ಭಕ್ತಿ ಉಕ್ಕುವುದು ಅವತ್ತೇ. ಬೆಳಗಿನ ಬಳ್ಳಾರಿ ಬಸ್ಸು ಹತ್ತುವವರ ಹಣೆ ನೋಡಬೇಕು: ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಹೊಸ ನೋಟ್‌ಬುಕ್ಕಿನ ನಾಲ್ಕೂ ಮೂಲೆಗೆ ಅರಿಶಿನ, ಮೊದಲ ಪುಟದ ನೆತ್ತಿಯಲ್ಲಿ ದುಂಡಗೆ ‘ಶ್ರೀ’. ಎಷ್ಟೋ ನೋಟ್‌ಬುಕ್ಕುಗಳಲ್ಲಿ ಓದಲು ಬರುವ ಅಕ್ಷರ ಅದೊಂದೇ. ದಸರಾ ಹೊತ್ತಿಗೆ ವಿಭೂತಿ ಒಂದೇ ಬೆರಳಿಗೆ ಇಳಿಯುತ್ತದೆ, ದೀಪಾವಳಿ ಮುಗಿದ ಮೇಲೆ ಅದೂ ಇಲ್ಲ. ಹಾಲ್‌ಟಿಕೆಟ್ ಬಂದ ದಿನ ಮತ್ತೆ ಮೂರೂ ಬೆರಳು ಹಾಜರ್. ಕಾಲೇಜಿನವರಂತೆ ದೇವರೂ 75 ಪರ್ಸೆಂಟ್ ಹಾಜರಿ ಕೇಳಿದ್ದರೆ ನಮ್ಮ ಸೀಮೆಯಲ್ಲಿ ಪೂಜಾರಿ ಒಬ್ಬನೇ ಪಾಸಾಗುತ್ತಿದ್ದ.

ನಮ್ಮ ಅಕ್ಕನ ಮಗ ಎರಡು ಬ್ಯಾಕ್ ಸಮೇತ ಬಿ.ಕಾಂ. ಎರಡನೇ ವರ್ಷಕ್ಕೆ ಕಾಲಿಟ್ಟ. ಬಳ್ಳಾರಿಯ ಕನಕದುರ್ಗಮ್ಮನಿಗೆ ಒಂದು ಅರ್ಜಿ ಹಾಕಿದ್ದಾಯಿತು, ಮೊಹರಂನಲ್ಲಿ ಪೀರಲದೇವರಿಗೆ ಸಕ್ಕರೆ ಓದಿಸಿದ್ದಾಯಿತು. ಉಳಿದವನು ಕುರುಗೋಡಿನ ದೊಡ್ಡಬಸವೇಶ್ವರ. ಬೇರೆ ಕಡೆ ಬಸವಣ್ಣ ಲಿಂಗದ ಮುಂದೆ ಕೂತಿರುತ್ತಾನೆ. ಇಲ್ಲಿ ಅವನೇ ದೊಡ್ಡ ದೇವರು, ಏಕಶಿಲೆಯಲ್ಲಿ ಸುಮಾರು 12 ಅಡಿ ಎತ್ತರ. ಬಸವಣ್ಣನ ಕಿವಿಯಲ್ಲಿ ಗುಟ್ಟಾಗಿ ಹೇಳಿದ ಬೇಡಿಕೆ ಈಡೇರುತ್ತದೆಂದು ನಮ್ಮ ಜನರ ನಂಬಿಕೆ. ಸಣ್ಣ ಬಸವಣ್ಣನಾದರೆ ಬಗ್ಗಿ, ಕೈ ಅಡ್ಡ ಹಿಡಿದು ಉಸುರಿ ಬರಬಹುದು. ಈತನ ಕಿವಿ ಮುಟ್ಟಬೇಕಾದರೆ ಏಣಿ ಬೇಕು. ಹುಡುಗ ದೂರದಲ್ಲಿ ನಿಂತು, ಕತ್ತೆತ್ತಿ, ಕಿವಿಯ ಎತ್ತರಕ್ಕೆ ತಕ್ಕಂತೆ ದನಿಯನ್ನೂ ಏರಿಸಿದ. ಬಸವಣ್ಣನಿಗೆ ಕೇಳಿಸಿತೋ ಇಲ್ಲವೋ, ಪಾಳಿಯಲ್ಲಿದ್ದ ನಮಗೆಲ್ಲ ಸ್ವಚ್ಛ ಕೇಳಿಸಿತು.

"ಅಪ್ಪಾ, ಎರಡು ಬ್ಯಾಕ್ ಐತಿ. ಅಕೌಂಟ್ಸ್ ಒಂದು, ಸ್ಟ್ಯಾಟಿಸ್ಟಿಕ್ಸ್ ಒಂದು. ಅಣ್ಣಗೋಳದು 2021ರ ಎನ್‌ಇಪಿ ಸಿಲಬಸ್ಸು, ನಂದು 2024ರ ಹೊಸಾದು, ಮೂರು ವರ್ಷದ್ದು. ತಪ್ಪಿ ಹಳೇದ್ರಾಗ ಪಾಸ್ ಮಾಡೀಯಪ್ಪೋ!"

ಇಷ್ಟಕ್ಕೆ ನಿಲ್ಲಿಸಿದ್ದರೆ ಅದು ಬರೀ ಅರ್ಜಿ. ಆದರೆ ಅರ್ಜಿಗೆ ಕಾರಣ ಕೊಡಬೇಕಲ್ಲ? ಒಂದೊಂದೇ ಹೊರಬಿತ್ತು. ಮೂರನೇ ಯುನಿಟ್ಟು ತೆರೆದೇ ಇರಲಿಲ್ಲ. ಟ್ಯೂಷನ್ ಅಂತ ಹೇಳಿ ಟಾಕೀಸಿಗೆ ಹೋಗಿದ್ದ. ಲೆಕ್ಚರರ್ ಸರಿಯಾಗಿ ಹೇಳಿಕೊಡಲ್ಲ ಎಂದು ಮನೆಯಲ್ಲಿ ಹೇಳಿದ್ದು ಸುಳ್ಳು. ಅವರ ಕ್ಲಾಸಿಗೆ ಇವನು ಹೋಗಿದ್ದರೆ ತಾನೇ! ಹಿಂದೆ ನಿಂತಿದ್ದ ಅಜ್ಜಿಗೆ ತಡೆಯಲಿಲ್ಲ: "ಲಗೂ ಮುಗಸಪ್ಪಾ, ನಂದು ಸೊಸಿ ವಿಷಯ ಐತಿ, ಅದು ಇನ್ನೂ ಉದ್ದ."

ಕಾಲೇಜು ಶುರುವಾದ ವಾರ ಯಾರಾದರೂ ಅತಿಥಿಗಳು ಬಂದು ‘ಆತ್ಮಾವಲೋಕನ ಮಾಡಿಕೊಳ್ಳಿ’ ಎಂದು ಗಂಟೆಗಟ್ಟಲೆ ಹೇಳುತ್ತಾರೆ. ಹುಡುಗರು ಅಷ್ಟು ಹೊತ್ತೂ ಉಪ್ಪಿಟ್ಟು ಎಲ್ಲಿಗೆ ಬಂತೆಂದು ಅವಲೋಕಿಸುತ್ತಾರೆ. ನಾವು ಮನೆಯವರು ಕೂರಿಸಿಕೊಂಡು ಕೇಳಿದರೂ ಬಾಯಿ ಬಿಡುವುದಿಲ್ಲ. ಕಲ್ಲಿನ ಬಸವಣ್ಣನ ಅನುಕೂಲವೆಂದರೆ ಆತ ನಡುವೆ ಬಾಯಿ ಹಾಕುವುದಿಲ್ಲ, ಪಕ್ಕದ ಮನೆ ಹುಡುಗನ ಮಾರ್ಕ್ಸು ತೆಗೆಯುವುದಿಲ್ಲ. ಬೇಡಲು ಹೋದ ಹುಡುಗ ಯಾರೂ ಪ್ರಶ್ನಿಸದೆಯೇ ಎಲ್ಲ ಒಪ್ಪಿಸಿ ಬಂದ.

ನಮ್ಮ ಭಾವನ ಭಕ್ತಿಯ ಬಗೆ ಬೇರೆ. ಮಗ ಕಾಲೇಜು ಸೇರಿದ ವರ್ಷವೇ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಕಾಲುವೆ ನೀರು ಇದ್ದರೆ ಭತ್ತ, ಭತ್ತ ಬಂದರೆ ಫೀಸು. ಭಾವ ದೇವರ ಮನೆಯಲ್ಲಿ ದೀಪ ಹಚ್ಚಿದ. ಹಚ್ಚಿ ಅಲ್ಲೇ ಕೂರದೆ ದಿನವೂ ಟಿವಿ ಮುಂದೆ ಕೂತು ಡ್ಯಾಮ್ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡದ ಕೆಲಸ ನೋಡಿದ. ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ, ಅವರು ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ತಡೆ, ಇಳಿಸಿದರು. ಕುರುಗೋಡಿನ ಸುದ್ದಿ ಕಿವಿಗೆ ಬಿದ್ದಾಗ ಭಾವ ಮಗನನ್ನು ಬೈಯಲಿಲ್ಲ, ಒಂದೇ ಮಾತು ಕೇಳಿದ: "ದೀಪ ನಾ ಹಚ್ತೀನಿ. ಸ್ಟಾಪ್‌ಲಾಗ್ ಯಾವಾಗ ಇಳಸ್ತೀ?"

ಹುಡುಗನಿಗೆ ಅದಕ್ಕಿಂತ ದೊಡ್ಡ ಚಿಂತೆ ಹತ್ತಿತ್ತು. ಎಲ್ಲರೆದುರು ಗಟ್ಟಿಯಾಗಿ, ಪೇಪರಿಗೆ 101ರಂತೆ ತೆಂಗಿನಕಾಯಿ ಒಡೆಸುತ್ತೇನೆಂದು ಹರಕೆ ಹೊತ್ತುಬಿಟ್ಟಿದ್ದ. ಹರಕೆ ತಪ್ಪುವಂತಿಲ್ಲ, ಸಾಕ್ಷಿಗೆ ಅಜ್ಜಿ ಇದ್ದಾಳೆ. ಬರುವಾಗ ಅಂಗಡಿಯಲ್ಲಿ ಕಾಯಿ ರೇಟು ವಿಚಾರಿಸಿ ಮುಖ ಸಣ್ಣದು ಮಾಡಿಕೊಂಡ. ರಾತ್ರಿ ‘ಶ್ರೀ’ ಬರೆದ ಹೊಸ ನೋಟ್‌ಬುಕ್ಕು ತೆಗೆದು, ಒಂದು ಕಡೆ ಕಾಯಿ ಖರ್ಚು, ಇನ್ನೊಂದು ಕಡೆ ಪಾಕೆಟ್ ಮನಿ, ಬಸ್‌ಸ್ಟ್ಯಾಂಡ್ ಮಿರ್ಚಿಬಜ್ಜಿ, ಟಾಕೀಸು ಎಲ್ಲ ಬರೆದು, ಕಳೆದು, ಕೂಡಿ, ಹನ್ನೊಂದು ಗಂಟೆಗೆ ನನ್ನನ್ನು ಎಬ್ಬಿಸಿದ. ಅವನ ಜನ್ಮದಲ್ಲಿ ಅಕೌಂಟ್ಸು ಟ್ಯಾಲಿ ಆಗಿದ್ದು ಅದೇ ಮೊದಲಂತೆ.