ಅಡ್ಡಗೆರೆಯ ಬೆಲೆ

ಹಳೆಯ ನಾಣ್ಯಗಳ ಬೆಲೆಪಟ್ಟಿಗಳಲ್ಲಿ ಪ್ರತಿ ನಾಣ್ಯದ ವಿವರದ ಎದುರಿಗೆ ಮೂರು ನಾಲ್ಕು ಕಾಲಂಗಳಿದ್ದು, ಸವೆದದ್ದಕ್ಕೆ ಇಷ್ಟು, ಸಾಧಾರಣದ್ದಕ್ಕೆ ಇಷ್ಟು, ಟಂಕಸಾಲೆಯಿಂದ ಈಗಷ್ಟೇ ಹೊರಬಿದ್ದಂತಿರುವುದಕ್ಕೆ ಇಷ್ಟು ಎಂದು ಅಂಕಿಗಳನ್ನು ಕೊಟ್ಟಿರುತ್ತಾರೆ. ಕೆಲವು ನಾಣ್ಯಗಳ ಎದುರಿಗೆ ಮಾತ್ರ ಅಂಕಿ ಇರಬೇಕಾದ ಜಾಗದಲ್ಲಿ ಒಂದು ಅಡ್ಡಗೆರೆ, ಇಲ್ಲವೇ ‘ಅಪರೂಪ’ ಎಂಬ ಒಂದೇ ಮಾತು ಇರುತ್ತದೆ. ಪಟ್ಟಿ ಮಾಡಿದವರ ಪ್ರಕಾರ ಆ ಗೆರೆಗೆ, ಬೆಲೆ ಹೇಳಲು ಸಾಕಾಗುವಷ್ಟು ಸಲ ಈ ನಾಣ್ಯ ಮಾರಾಟವಾಗಿಲ್ಲ ಎಂದರ್ಥ. ನಾಣ್ಯದ ಒಡೆಯರ ಪ್ರಕಾರ ಅದೇ ಗೆರೆಗೆ, ಎಷ್ಟು ಬೇಕಾದರೂ ಕೇಳಬಹುದು ಎಂದರ್ಥ. ನಾಣ್ಯಲೋಕದ ಬಹುಪಾಲು ಮುನಿಸುಗಳು ಈ ಎರಡು ವ್ಯಾಖ್ಯಾನಗಳ ನಡುವೆ ಹುಟ್ಟಿಕೊಂಡಂಥವು.

ಕನ್ನಡ ನಾಡಿನ ನಾಣ್ಯಗಳನ್ನು ಸಂಗ್ರಹಿಸುವವರಿಗೆ ಈ ಅಡ್ಡಗೆರೆಯ ಪರಿಚಯ ತುಸು ಹೆಚ್ಚೇ ಇದೆ. ಅಮೆರಿಕದಲ್ಲಿ 1972ರಲ್ಲಿ ಮೊದಲ ಸಲ ಅಚ್ಚಾದ ಜಗತ್ತಿನ ನಾಣ್ಯಗಳ ದೊಡ್ಡ ಕ್ಯಾಟಲಾಗು ಟಿಪ್ಪುವಿನ ನಾಣ್ಯಗಳನ್ನು ಒಳಗೊಂಡಿದೆಯಾದರೂ, ಪಾಳೆಯಗಾರರು ಅಚ್ಚುಹಾಕಿಸಿದ ತಾಮ್ರದ ಕಾಸುಗಳ ಎಲ್ಲ ಬಗೆಗಳಿಗೂ ಡಾಲರಿನಲ್ಲಿ ಬೆಲೆ ಕಟ್ಟಿಕೊಡಬೇಕೆಂದು ಅದರಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಹೆಂಡರ್ಸನ್ ಅವರು 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ, ಎ. ವಿ. ನರಸಿಂಹಮೂರ್ತಿಯವರು 1975ರಲ್ಲಿ ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದ ಗ್ರಂಥಗಳು ನಾಣ್ಯ ಯಾವುದೆಂದು ತಿಳಿಯಲು ನೆರವಾಗುತ್ತವೆ. ಅದರ ಇಂದಿನ ಬೆಲೆ ಎಷ್ಟೆಂಬುದನ್ನು ಅವುಗಳಲ್ಲಿ ಹುಡುಕುವವರು ಹಳೆಯ ಪಂಚಾಂಗದಲ್ಲಿ ಈ ವರ್ಷದ ಯುಗಾದಿಯನ್ನು ಹುಡುಕುವವರ ಸಾಲಿಗೆ ಸೇರುತ್ತಾರೆ.

ಆದ್ದರಿಂದ ಅಂದಾಜು ಮಾಡುವವನು ಲೋಹದಿಂದಲೇ ಆರಂಭಿಸಬೇಕಾಗುತ್ತದೆ. ಚಿನ್ನದ ನಾಣ್ಯ ಕರಗಿಸಿದರೂ ಇಷ್ಟಕ್ಕೆ ಕಡಿಮೆಯಿಲ್ಲ ಎಂಬುದೊಂದು ತಳಮಟ್ಟದ ಬೆಲೆ; ಇದನ್ನು ಯಾವ ವಿದ್ವಾಂಸನ ಸಹಾಯವೂ ಇಲ್ಲದೆ ಚಿಕ್ಕಪೇಟೆಯ ಯಾವ ಚಿನ್ನದಂಗಡಿಯಲ್ಲಾದರೂ ತಿಳಿಯಬಹುದು. ಆದರೆ ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯಿ ಹಣದಂಥ, ಅರ್ಧ ಗ್ರಾಮೂ ತೂಗದ, ಎದುರು ಕುಳಿತವರು ಸೀನಿದರೆ ಮೇಜಿನ ಕೆಳಗೆ ಹುಡುಕಬೇಕಾಗುವ ನಾಣ್ಯಕ್ಕೆ ಈ ತಳಮಟ್ಟ ನಿಜಕ್ಕೂ ತಳದಲ್ಲೇ ಇರುತ್ತದೆ. ತಾಮ್ರದ ಕಾಸಿಗಂತೂ ಅದು ಇದ್ದೂ ಇಲ್ಲದ ಹಾಗೆ.

ಲೋಹದ ನಂತರದ್ದು ಗುರುತಿಸುವಿಕೆ, ಎಂದರೆ ನಾಣ್ಯ ಯಾರದು, ಯಾವ ಟಂಕಸಾಲೆಯದು, ಯಾವ ವರ್ಷದ್ದು ಎಂಬ ನಿರ್ಣಯ. ಶಿವಪಾರ್ವತಿಯರು ಕುಳಿತಿರುವ ವರಹವನ್ನು ವಿಜಯನಗರದ ಅರಸರು ಹೊರಡಿಸಿದರು, ಇಕ್ಕೇರಿಯ ನಾಯಕರು ಮುಂದುವರಿಸಿದರು, 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಆಲಿ ಮುಂಬದಿಯ ದಂಪತಿಗಳನ್ನು ಕದಲಿಸದೆ ಹಿಂಬದಿಯಲ್ಲಿ ತನ್ನ ಹೆಸರಿನ ಪಾರಸಿ ಮೊದಲಕ್ಷರವನ್ನಷ್ಟೇ ಹಾಕಿಸಿದನು, ಮುಮ್ಮಡಿ ಕೃಷ್ಣರಾಜ ಒಡೆಯರು ಅದೇ ಹಿಂಬದಿಗೆ ನಾಗರಿಯಲ್ಲಿ ತಮ್ಮ ಹೆಸರನ್ನು ಬರೆಸಿದರು. ಹೀಗೆ ಆಳುವವರು ಬದಲಾದರೂ ಬದಲಾಗದ ಮುಂಬದಿಯಿಂದ ಭಕ್ತಿ ಹುಟ್ಟಬಹುದೇ ಹೊರತು ಬೆಲೆ ಹುಟ್ಟುವುದಿಲ್ಲ. ಆದರೂ ಮನೆಯಲ್ಲಿ ಹಳೆಯ ವರಹ ಸಿಕ್ಕವರು ತಜ್ಞರಿಗೆ ಕಳಿಸುವ ವಾಟ್ಸ್‌ಆ್ಯಪ್ ಚಿತ್ರದಲ್ಲಿ ಮುಂಬದಿ ಮಾತ್ರ ಇರುತ್ತದೆ, ಅದರ ಕೆಳಗೆ ‘ಶಿವಪಾರ್ವತಿ ಇದ್ದಾರೆ, ರೇಟು ತಿಳಿಸಿ’ ಎಂದಿರುತ್ತದೆ, ಹಿಂಬದಿಯ ಚಿತ್ರ ಕಳಿಸಿರೆಂದು ಕೇಳಿದರೆ ಇವರಿಗೆ ವಿಷಯ ಗೊತ್ತಿಲ್ಲವೆಂಬ ತೀರ್ಮಾನ ಎದುರು ಪಕ್ಷದಲ್ಲಿ ಆಗಿಬಿಡುತ್ತದೆ.

ಟಿಪ್ಪುವಿನ ನಾಣ್ಯಗಳಲ್ಲಿ ತೊಡಕು ಬೇರೆ ರೀತಿಯದು. ಅವನು ನಾಣ್ಯಕ್ಕೊಂದು ಹೆಸರಿಟ್ಟನು: ಎರಡು ರೂಪಾಯಿಯದು ಹೈದರಿ, ಒಂದು ರೂಪಾಯಿಯದು ಇಮಾಮಿ, ತಾಮ್ರದ ಪೈಸೆ ಶುಕ್ರಗ್ರಹದ ಹೆಸರಿನ ಜೊಹ್ರಾ, ಅರ್ಧ ಪೈಸೆ ಮಂಗಳನ ಹೆಸರಿನ ಬಹ್ರಾಮ್. ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದು, ಅದರ 1215ನೆಯ ವರ್ಷದಿಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದನು. 1216 ಎಂಬುದನ್ನು ನಮ್ಮ ರೂಢಿಯಂತೆ ಎಡದಿಂದ ಓದಿದರೆ 6121 ಆಗುತ್ತದೆಯಾದ್ದರಿಂದ, ಹೊಸಬರ ಕೈಯಲ್ಲಿ ಟಿಪ್ಪುವಿನ ನಾಣ್ಯದ ಮೇಲಿನ ಆನೆ ಇನ್ನೂ ಬರಬೇಕಾದ ಸಹಸ್ರಮಾನದಿಂದ ನಡೆದು ಬಂದಂತೆ ಕಾಣುತ್ತದೆ. ಆ ಆನೆ ಎಡಕ್ಕೆ ನಡೆಯುತ್ತಿದೆಯೋ ಬಲಕ್ಕೋ, ಸೊಂಡಿಲು ಮೇಲಿದೆಯೋ ಕೆಳಗೋ ಎಂಬ ವಿಚಾರಗಳಿಗೂ ಇಲ್ಲಿ ಬೆಲೆಯಿದೆ. ಬೇರೆ ಯಾವ ಉದ್ಯೋಗದಲ್ಲಿಯೂ ದೊಡ್ಡವರು ಆನೆಯ ಬಾಲವನ್ನು ಭೂತಗನ್ನಡಿಯಲ್ಲಿ ಇಷ್ಟು ಹೊತ್ತು ನೋಡುವುದಿಲ್ಲ.

ಸ್ಥಿತಿಯನ್ನು ಅಳೆಯುವ ಕ್ರಮಕ್ಕೆ ಗ್ರೇಡಿಂಗ್ ಎನ್ನುತ್ತಾರೆ. ಇಂದು ಲೋಕವೆಲ್ಲ ಬಳಸುವ 1ರಿಂದ 70ರವರೆಗಿನ ಅಳತೆಯನ್ನು 1949ರಲ್ಲಿ ರೂಪಿಸಿದವರು ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು. ಅತ್ಯಂತ ಕೆಟ್ಟ ಸ್ಥಿತಿಯ ಸೆಂಟಿಗೆ ಒಂದು ಡಾಲರಾದರೆ ದೋಷವೇ ಇಲ್ಲದ್ದಕ್ಕೆ ಎಪ್ಪತ್ತು ಡಾಲರ್ ಎಂಬ ಸರಳ ಗುಣಾಕಾರ ಅದರ ಬುಡದಲ್ಲಿತ್ತು. ಮನುಷ್ಯರ ಮೈಕಟ್ಟನ್ನೂ ಹೀಗೆಯೇ ವರ್ಗೀಕರಿಸಿ ಸ್ವಭಾವ ಹೇಳಬಹುದೆಂದು ನಂಬಿದ್ದ ಈ ವಿದ್ವಾಂಸರು, ನ್ಯೂಯಾರ್ಕಿನ ನಾಣ್ಯಸಂಘದ ಸಂಗ್ರಹದಲ್ಲಿದ್ದ ಉತ್ತಮ ಸೆಂಟುಗಳನ್ನು ತೆಗೆದು ಆ ಜಾಗದಲ್ಲಿ ತಮ್ಮ ಕಡಿಮೆ ದರ್ಜೆಯವನ್ನು ಇಟ್ಟಿದ್ದರೆಂಬುದು ಅವರು ತೀರಿಕೊಂಡ ಮೇಲೆ ಬೆಳಕಿಗೆ ಬಂತು. ತಮ್ಮ ಅಳತೆಗೋಲಿನಲ್ಲಿ ಅವರಿಗಿದ್ದ ನಂಬಿಕೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮಲ್ಲಿ ಗ್ರೇಡನ್ನು ಕೆಳಗಿಳಿಸುವ ಎರಡು ಪ್ರಬಲ ಶಕ್ತಿಗಳೆಂದರೆ ಹುಣಸೆಹಣ್ಣು ಮತ್ತು ಕಾಸಿನ ಸರ. ತಾಮ್ರದ ನಾಣ್ಯದ ಮೇಲೆ ಇನ್ನೂರು ವರ್ಷಗಳಲ್ಲಿ ನಿಧಾನವಾಗಿ ಕೂರುವ ಕಂದು ಅಥವಾ ಹಸಿರು ಪದರಕ್ಕೆ ಪಟಿನಾ ಎಂದು ಹೆಸರು. ಅದು ನಾಣ್ಯ ಸಾಚಾ ಎಂಬುದಕ್ಕೆ ಒಂದು ಆಧಾರವೂ ಹೌದು, ಸಂಗ್ರಾಹಕರ ಕಣ್ಣಿಗೆ ಸೊಗಸೂ ಹೌದು. ತಜ್ಞರು ಮನೆಗೆ ಬರುತ್ತಾರೆಂದು ತಿಳಿದ ಕೂಡಲೇ ಹಿರಿಯರೊಬ್ಬರು ಅದನ್ನು ಪೂಜೆಯ ಚೊಂಬಿನ ಜೊತೆಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ಒರೆಸಿ, ಫಳಫಳ ಹೊಳೆಯುವಂತೆ ಮಾಡಿ ತಟ್ಟೆಯಲ್ಲಿ ಇಟ್ಟಿರುತ್ತಾರೆ. ಬಂದವರು ಕಾಫಿ ಕುಡಿಯುತ್ತ ನಾಣ್ಯವನ್ನು ನೋಡಿ ಮಾತಿಲ್ಲದೆ ಕೂರುವುದನ್ನು ಮನೆಯವರು ಬೆರಗೆಂದು ತಿಳಿಯುತ್ತಾರೆ. ಚಿನ್ನದ ವರಹಗಳಿಗೆ ಅಜ್ಜಿಯ ಕಾಲದಲ್ಲಿಯೇ ಕೊಂಡಿ ಬೆಸೆದು ಕೊರಳಿಗೆ ಹಾಕಿಕೊಂಡಿರುತ್ತಾರೆ. ಸರದಿಂದ ಬಿಡಿಸಿದ ಮೇಲೂ ಉಳಿಯುವ ಬೆಸುಗೆಯ ಗುರುತು ಅಂದಾಜಿನಲ್ಲಿ ಒಂದು ದೊಡ್ಡ ಪಾಲನ್ನು ಕಳೆಯುತ್ತದೆ. ಅಜ್ಜಿ ಆ ಸರ ಹಾಕಿಕೊಂಡು ಹೋದ ಮದುವೆಗಳನ್ನು ಲೆಕ್ಕಕ್ಕೆ ಹಿಡಿದರೆ ಇದು ನಷ್ಟವೆಂದು ಹೇಳುವುದು ಕಷ್ಟ.

ಇಷ್ಟೆಲ್ಲ ಆದ ಮೇಲೆಯೂ ಕೈಗೆ ಬರುವುದು ನಾಣ್ಯದ ವಿವರವೇ ಹೊರತು ಬೆಲೆಯಲ್ಲ. ಅಪರೂಪವಾದದ್ದು ದುಬಾರಿ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆರನೆಯ ಜಾರ್ಜ್ ದೊರೆಯ 1938ರ ಬೆಳ್ಳಿ ರೂಪಾಯಿ ಸುಲಭವಾಗಿ ಸಿಗುತ್ತದೆ, 1939ರದು ದುರ್ಲಭ. ಆ ದೊರೆಯ ರೂಪಾಯಿಗಳನ್ನು ಕೂಡಿಸುವ ಪ್ರತಿಯೊಬ್ಬನ ಆಲ್ಬಮ್ಮಿನಲ್ಲಿಯೂ 1939 ಎಂದು ಬರೆದ ಒಂದು ಖಾಲಿ ಗುಂಡಿ ಇರುವುದರಿಂದ ಅದಕ್ಕೆ ಒಳ್ಳೆಯ ಬೆಲೆಯಿದೆ. ಜಗತ್ತಿನಲ್ಲಿ ಒಂದೇ ಒಂದು ಉಳಿದಿರುವ ಪಾಳೆಯಗಾರನ ಕಾಸಿಗೆ ಯಾರ ಆಲ್ಬಮ್ಮಿನಲ್ಲಿಯೂ ಗುಂಡಿಯಿಲ್ಲ, ಏಕೆಂದರೆ ಅಂಥದೊಂದು ಇದೆಯೆಂದೇ ಯಾರಿಗೂ ತಿಳಿದಿಲ್ಲ. ತೀರ ಅಪರೂಪವಾಗಿರುವುದು, ಬೆಲೆಯ ದೃಷ್ಟಿಯಿಂದ, ನಾಣ್ಯಕ್ಕೊಂದು ದೋಷ.

ಹರಾಜಿನಲ್ಲಿ ಬೆಲೆಯನ್ನು ನಿರ್ಧರಿಸುವವನು ಗೆದ್ದವನಲ್ಲ, ಸೋತವನು. ಒಬ್ಬ ಐದು ಲಕ್ಷದವರೆಗೆ ಹೋಗಲು ಸಿದ್ಧನಿದ್ದು ಮತ್ತೊಬ್ಬ ನಲವತ್ತು ಸಾವಿರಕ್ಕೆ ಕೈಬಿಟ್ಟರೆ, ನಾಣ್ಯ ನಲವತ್ತು ಸಾವಿರದ ಮುಂದಿನ ಮೆಟ್ಟಿಲಿಗೆ ಮಾರಾಟವಾಗುತ್ತದೆ. ಆ ಎರಡನೆಯವನು ಅಂದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಹಾಕಿಕೊಂಡು ಬಾರದೇ ಹೋದರೆ ಆರಂಭದ ಬೆಲೆಗೇ ಹೋಗುತ್ತದೆ. ಹಾಗೆ ದಾಖಲಾದ ಆ ಒಂದು ಮಾರಾಟವೇ ಮುಂದಿನವರಿಗೆ ಆಧಾರವಾಗಿ, ಬೆಂಗಳೂರಿನ ವಾಹನದಟ್ಟಣೆಗೂ ನಾಣ್ಯಶಾಸ್ತ್ರಕ್ಕೂ ಶಾಶ್ವತವಾದ ಸಂಬಂಧ ಏರ್ಪಡುತ್ತದೆ. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ: ಎಲ್ಲೋ ಮನೆಯ ಪಾಯ ತೆಗೆಯುವಾಗ ಗಡಿಗೆಯೊಂದು ಸಿಕ್ಕಿ, ಅದರಲ್ಲಿ ಅದೇ ನಾಣ್ಯದ ಮುನ್ನೂರು ಪ್ರತಿಗಳು ಹೊರಬಂದರೆ, ವಿರಳತೆಯ ಬಗ್ಗೆ ಬರೆದ ಲೇಖನಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ ಹಳತಾಗುತ್ತವೆ.

ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತಾರೆಂದು ಮೊಬೈಲಿನಲ್ಲಿ ಸುಳಿದಾಡುವ ಸುದ್ದಿಗಳು ಬೇರೆ ಜಾತಿಯವು. ಹಳೆಯ ನೋಟು, ನಾಣ್ಯಗಳ ಮಾರಾಟಕ್ಕೆಂದು ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಡಬೇಕಾಯಿತು. ನಿಜವಾದ ಕೊಳ್ಳುವವನು ಮೊದಲು ಹೇಳುವ ಮಾತು ‘ಇದರಲ್ಲೇನೂ ಇಲ್ಲ’ ಎಂಬುದೇ ಆದ್ದರಿಂದ, ಲಕ್ಷದಿಂದ ಮಾತು ಆರಂಭಿಸುವವನು ಕೊಳ್ಳಲು ಬಂದವನಲ್ಲವೆಂದು ತಿಳಿಯಲು ನಾಣ್ಯಶಾಸ್ತ್ರ ಬೇಕಾಗುವುದಿಲ್ಲ.

ಬಲ್ಲವರು ಇಷ್ಟರಿಂದ ಇಷ್ಟರವರೆಗೆ ಎಂದು ಎರಡು ಅಂಕಿಗಳನ್ನು ಕೊಟ್ಟು, ಅವುಗಳ ನಡುವೆ ಎತ್ತಿನಗಾಡಿ ತಿರುಗುವಷ್ಟು ಜಾಗ ಬಿಟ್ಟು ಸುಮ್ಮನಾಗುತ್ತಾರೆ. ಅಷ್ಟು ಜಾಗವೂ ಸಾಲದವರಿಗೆ 1878ರ ನಿಧಿ ಕಾಯಿದೆಯನ್ನು ಓದಲು ಕೊಡಬೇಕು. ಹತ್ತು ರೂಪಾಯಿಗೆ ಮೀರಿದ ನಿಧಿ ನೆಲದಲ್ಲಿ ಸಿಕ್ಕರೆ, ಸಿಕ್ಕವನು ಆದಷ್ಟು ಬೇಗ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕೆಂದು ಅದು ವಿಧಿಸುತ್ತದೆ. ಸಿಕ್ಕ ಸ್ಥಳ, ಸಿಕ್ಕ ದಿನಾಂಕಗಳ ಜೊತೆಗೆ ಆ ಅರ್ಜಿಯಲ್ಲಿ ಇರಬೇಕಾದ ಇನ್ನೊಂದು ವಿವರವೆಂದರೆ ನಿಧಿಯ ಸ್ವರೂಪ ಮತ್ತು ಅದರ ಮೊತ್ತ ಇಲ್ಲವೇ ಅಂದಾಜು ಬೆಲೆ. ಅದನ್ನು ಬರೆಯಬೇಕಾದವನು ನೇಗಿಲು ಹಿಡಿದ ರೈತ.