ಮೂರು ಸಲ ಕೂಗಿದ್ದೀನಿ!

(ತಿಪಟೂರಿನ ಒಂದು ಮನೆ. ರಾತ್ರಿ ಒಂಬತ್ತೂವರೆ. ಬೆಂಗಳೂರಿನ ಸೀರೆ ಅಂಗಡಿಯೊಂದರ ವೆಬ್‌ಸೈಟ್ ನೋಡಿಕೊಳ್ಳುವ ಮಂಜು ಲ್ಯಾಪ್‌ಟಾಪ್ ಮುಂದೆ. ಬೆಳಗಾದರೆ ಗೌರಿ ಹಬ್ಬದ ಆಫರ್. ಅಪ್ಪ ಶಿವಣ್ಣ, ಕೆಇಬಿಯ ನಿವೃತ್ತ ಲೈನ್‌ಮನ್, ತಟ್ಟೆ ಮುಂದೆ. ಅಮ್ಮ ಜಯಮ್ಮ ಕಾವಲಿ ಮುಂದೆ.)

ಜಯಮ್ಮ: ಮಂಜು, ದೋಸೆ ಆರೋಗ್ತದೆ ಬಾರೋ. (ಉತ್ತರವಿಲ್ಲ.) ಮಂಜೂ! (ಇಲ್ಲ.) ಲೋ ಮಂಜಾ! (ಇಲ್ಲ.) ರೀ, ತಟ್ಟೆ ಹಿಡೀರಿ, ಇದೂ ನಿಮಗೇ.

ಮಂಜು: ಅಮ್ಮಾ, ಅದು ನಂದು!

ಜಯಮ್ಮ: ಮೂರು ಸಲ ಕೂಗಿದ್ದೀನಿ.

ಮಂಜು: ನಾನು ಇಲ್ಲಿ ಕೂರಿಸ್ತಿರೋದೂ ಅದನ್ನೇ. ಹೆಚ್‌ಎ ಪ್ರಾಕ್ಸಿ ಅಂತ. ಹಿಂದಿರೋ ವೆಬ್ ಸರ್ವರ್‌ಗಳನ್ನ ಎರಡೆರಡು ಸೆಕೆಂಡಿಗೆ ಮಾತಾಡಿಸ್ತದೆ. ಸತತ ಮೂರು ಸಲ ಉತ್ತರ ಬರದಿದ್ರೆ ಅದು ಬಿದ್ದಿದೆ ಅಂತ ಲೆಕ್ಕ. ಗಿರಾಕಿಗಳನ್ನೆಲ್ಲ ಇನ್ನೊಂದಕ್ಕೆ ಕಳಿಸ್ತದೆ. ಈಗ ಬಂದೆ, ಹಾಕು.

ಜಯಮ್ಮ: ಬಂದೆ ಅಂತ ಒಂದು ಸಲ ಅಂದ್ರೆ ನಾನು ನಂಬಲ್ಲ.

ಮಂಜು: ಅದೂ ನಂಬಲ್ಲ. ಎರಡು ಸಲ ಸರಿಯಾಗಿ ಉತ್ತರ ಕೊಟ್ಟ ಮೇಲೇ ಪಂಕ್ತಿಗೆ ಸೇರಿಸ್ಕೊಳ್ಳೋದು.

ಜಯಮ್ಮ: ಬೆಳಿಗ್ಗೆ ಎಬ್ಬಿಸಿದ್ರೆ ಹೂಂ ಅಂತೀಯ, ಮತ್ತೆ ಹೊದ್ದು ಮಲಗ್ತೀಯ. ಅಂಥವರಿಗೆ?

ಮಂಜು: (ಪೆಚ್ಚಾಗಿ) ಸುಮ್ನೆ ಚೆಕ್ ಅಂತ ಬರೆದ್ರೆ ಪೋರ್ಟ್ ತೆರೆದಿದೆಯಾ ಅಂತಷ್ಟೇ ನೋಡ್ತದೆ. ಮಿಷನ್ ಹೂಂ ಅಂತದೆ, ಗಿರಾಕಿಗೆ ಮಾತ್ರ 500 ಎರರ್. ಅದಕ್ಕೇ ಹೆಚ್‌ಟಿಟಿಪಿ ಚೆಕ್ ಹಾಕಿ ಒಂದು ಪುಟಾನೇ ಕೇಳ್ಬೇಕು. 200ರ ಸಾಲಿನದ್ದೋ 300ರ ಸಾಲಿನದ್ದೋ ಉತ್ತರ ಬಂದ್ರೆ ಎದ್ದಿದೆ ಅಂತ.

ಜಯಮ್ಮ: ನಾನು ಹೊದಿಕೆ ಎಳೀತೀನಿ.

ಶಿವಣ್ಣ: ಎಷ್ಟು ದುಡ್ಡು ಇದಕ್ಕೆ?

ಮಂಜು: ಪುಕ್ಕಟೆ ಅಪ್ಪ. ಫ್ರಾನ್ಸಿನ ವಿಲ್ಲಿ ಟಾರೋ ಅನ್ನೋರು ಬರೆದು 2001ರಲ್ಲಿ ಬಿಟ್ಟಿದ್ದು. ಸರದಿ ಪ್ರಕಾರ ಹಂಚು ಅಂದ್ರೆ ರೌಂಡ್ ರಾಬಿನ್. ಯಾರ ಕೈಲಿ ಕೆಲಸ ಕಮ್ಮಿಯೋ ಅವರಿಗೇ ಕೊಡು ಅಂದ್ರೆ ಲೀಸ್ಟ್‌ಕಾನ್.

ಜಯಮ್ಮ: ಆ ಎರಡನೇದು ಈ ಮನೆಗೂ ಬರಲಿ.

ಶಿವಣ್ಣ: (ಬೇಗ ಮಾತು ತಿರುಗಿಸಿ) ಈ ಹಂಚೋ ಮಿಷನ್ ಎಷ್ಟಿವೆ? ಅದೇ ಬಿದ್ರೆ ಹಿಂದಿನವೆಲ್ಲ ಇದ್ದೂ ಇಲ್ಲದ ಹಾಗೆ.

ಮಂಜು: ಎರಡು. ಕೀಪ್‌ಅಲೈವ್‌ಡಿ ಹಾಕಿದ್ದೀನಿ. ಇಬ್ಬರಿಗೂ ಸೇರಿ ಒಂದು ಐಪಿ ವಿಳಾಸ. ಯಜಮಾನ ಸೆಕೆಂಡಿಗೊಂದು ಸಲ ನಾನಿದ್ದೀನಿ, ನಾನಿದ್ದೀನಿ ಅಂತ ಕೂಗ್ತಿರ್ತಾನೆ. ಕೂಗು ನಿಂತು ಮೂರೂವರೆ ಸೆಕೆಂಡ್ ದಾಟ್ತಿದ್ದ ಹಾಗೆ ಎರಡನೆಯವನು ವಿಳಾಸ ತಗೋತಾನೆ. ಯಾರ ನಂಬರ್ ದೊಡ್ಡದೋ ಅವನೇ ಯಜಮಾನ. ಒಂದಕ್ಕೆ 101, ಇನ್ನೊಂದಕ್ಕೆ 100.

ಜಯಮ್ಮ: ನಂದು 255 ಅಂತ ಬರ್ಕೋ.

ಮಂಜು: ಹಾಗೆಲ್ಲ ಬರೆಯೋ ಹಾಗಿಲ್ಲಮ್ಮ. 254ರವರೆಗೆ ನಮ್ಮಿಷ್ಟ. 255 ಆ ವಿಳಾಸದ ಸ್ವಂತ ಒಡೆಯರಿಗೆ ಮೀಸಲು.

ಜಯಮ್ಮ: ಈ ಮನೆ ಖಾತೆ ಯಾರ ಹೆಸರಲ್ಲಿದೆ?

(ಅಪ್ಪ, ಮಗ ಇಬ್ಬರೂ ಚಟ್ನಿ ನೋಡುತ್ತಾರೆ.)

ಶಿವಣ್ಣ: ಇಬ್ಬರೂ ಗಟ್ಟಿಯಾಗಿದ್ದು, ಮಧ್ಯದ ವೈರ್ ತುಂಡಾದ್ರೆ?

ಮಂಜು: ಅದು ಸ್ಪ್ಲಿಟ್ ಬ್ರೇನ್. ಅವನು ಸತ್ತ ಅಂತ ಇವನು, ಇವನು ಸತ್ತ ಅಂತ ಅವನು. ಇಬ್ಬರೂ ನಾನೇ ಯಜಮಾನ ಅಂತ ಒಂದೇ ವಿಳಾಸ ಹಿಡ್ಕೊಂಡು ಕೂರ್ತಾರೆ.

ಶಿವಣ್ಣ: (ದನಿ ತಗ್ಗಿಸಿ) ನಮ್ಮನೇಲಿ ಆ ತಾಪತ್ರಯ ಇಲ್ಲ.

ಜಯಮ್ಮ: ಏನಂದ್ರಿ?

ಶಿವಣ್ಣ: ಚಟ್ನಿ ಚೆನ್ನಾಗಿದೆ ಅಂದೆ. ಮಂಜು, ಯುಪಿಎಸ್ ಎಷ್ಟು?

ಮಂಜು: ಒಂದು.

ಶಿವಣ್ಣ: ಡೇಟಾಬೇಸು?

ಮಂಜು: ಅದೂ... ಒಂದೇ.

ಶಿವಣ್ಣ: ಹಂಗಾದ್ರೆ ನಿಂದು ಎರಡಲ್ಲ, ಒಂದೂವರೆ. ಹೋಗ್ಲಿ, ಒಂದನ್ನ ಕೆಡವಿ ನೋಡಿದ್ದೀಯಾ?

ಮಂಜು: ಚೆನ್ನಾಗಿ ಓಡ್ತಿರೋದನ್ನ ಯಾಕಪ್ಪ ಕೆಡವೋದು?

ಶಿವಣ್ಣ: ನಾಳೆ ಜನ ಮುಗಿಬಿದ್ದಾಗ ತಾನೇ ಬೀಳೋದಕ್ಕಿಂತ ಈಗ ನೀನೇ ಕೆಡವು. ಇಷ್ಟೊತ್ತಲ್ಲಿ ಯಾರಿರ್ತಾರೆ ಅಲ್ಲಿ?

(ಮಂಜು ದೇವರ ಕೋಣೆ ಕಡೆ ನೋಡಿ ಒಂದನೇ ವೆಬ್ ಸರ್ವರ್ ನಿಲ್ಲಿಸುತ್ತಾನೆ. ಸುಮಾರು ಆರು ಸೆಕೆಂಡಿಗೆ ಪರದೆಯ ಮೇಲೆ ಅದರ ಸಾಲು ಕೆಂಪಾಗುತ್ತದೆ.)

ಮಂಜು: ಎರಡನೇದು ತಗೊಂಡ್ತು! ಸೈಟು ನಿಂತೇ ಇಲ್ಲ ಅಪ್ಪ!

ಜಯಮ್ಮ: (ಮೊಬೈಲ್ ಹಿಡಿದು ಹೊರಗೆ ಬಂದು) ಲೋ, ನನ್ನ ಸೀರೆ ಎಲ್ಲೋ?

ಮಂಜು: ಯಾವ ಸೀರೆ?

ಜಯಮ್ಮ: ಸಂಜೆಯಿಂದ ಹುಡುಕಿ ಹುಡುಕಿ ಕಾರ್ಟ್‌ಗೆ ಹಾಕಿಟ್ಟಿದ್ದೆ ಕಣೋ. ಇಳಕಲ್ ಸೀರೆ, ಟೋಪ್ ತೆನೆ ಸೆರಗಿಂದು. ಈಗ ನೋಡಿದ್ರೆ ಕಾರ್ಟ್ ಖಾಲಿ ಅಂತದೆ!

ಮಂಜು: (ತಲೆ ಹಿಡಿದು) ಕಾರ್ಟ್ ಒಂದನೇ ಸರ್ವರ್ ಹೊಟ್ಟೇಲೇ ಉಳೀತು. ಹೆಚ್‌ಎ ಪ್ರಾಕ್ಸಿ ಒಂದು ಕುಕಿ ಕೊಟ್ಟು ನಿನ್ನನ್ನ ಅದಕ್ಕೇ ಕಟ್ಟಿ ಹಾಕಿತ್ತು. ಎರಡನೇದಕ್ಕೆ ನೀನು ಯಾರೋ ಹೊಸಬಳು.

ಜಯಮ್ಮ: ಹೊಸಬಳಾ? ನಾನಾ?

ಮಂಜು: ರಾತ್ರಿನೇ ಸರಿ ಮಾಡ್ತೀನಮ್ಮ. ರೆಡಿಸ್ ಅಂತ ಒಂದನ್ನ ಹೊರಗಿಟ್ಟು ಕಾರ್ಟೆಲ್ಲ ಅದರಲ್ಲಿಡ್ತೀನಿ. ಯಾವ ಸರ್ವರ್ ಬಿದ್ರೂ ಇನ್ನೊಂದು ಅಲ್ಲೇ ನೋಡ್ಕೊಳ್ತದೆ.

ಶಿವಣ್ಣ: (ಕೈ ತೊಳೆಯಲು ಏಳುತ್ತಾ) ಆ ರೆಡಿಸ್ ಎಷ್ಟಿಡ್ತೀಯ?

ಮಂಜು: ...ಅಮ್ಮಾ, ಒಂದು ಲೋಟ ಕಾಫಿ ಸಿಗ್ತದಾ?

ಜಯಮ್ಮ: ಯಾರಪ್ಪಾ ನೀವು? ಹೊಸಬರ ಹಾಗೆ ಕಾಣ್ತೀರ.